ಕೆಲಸಕ್ಕೆ ಕಾಸು ಕೊಡೋಣ, ಬೀಗಕ್ಕೆ ಯಾಕೆ ಸ್ವಾಮಿ?

ಗುಬ್ಬಿಯಿಂದ ತುಮಕೂರಿಗೆ ಸರ್ಕಾರಿ ಕೆಂಪು ಬಸ್ಸಿನಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಆದರೆ ಅದೇ ಕೆಂಪು ಬಸ್ಸನ್ನ ಮನೆಯಲ್ಲಿ ಕೂತು ಕಂಪ್ಯೂಟರ್ ಆಟದಲ್ಲಿ ಓಡಿಸ್ತೀನಿ ಅಂದ್ರೆ ನೂರೈವತ್ತು ರೂಪಾಯಿ ಕೊಡಬೇಕಂತೆ. ಬಸ್ಸಲ್ಲ, ಬಸ್ಸಿನ ಚಿತ್ರಕ್ಕೆ! ಹೋಗಲಿ, ಕೊಟ್ಟ ಮೇಲೆ ಆ ಬಸ್ಸು ನಮ್ಮದಾಗುತ್ತಾ? ಅದೂ ಇಲ್ಲ. ಬಸ್ಸಿಗೊಂದು ಬೀಗ, ಬೀಗದ ಕೈ ಮಾರಿದವನ ಹತ್ತಿರ. ಇವತ್ತಿನ ನನ್ನ ಸಿಟ್ಟು ಈ ಬೀಗದ ಮೇಲೆ.

ಆಟಗಳ ಗೊಡವೆ ಇಲ್ಲದವರಿಗೆ ಮೊದಲು ಎರಡು ಮಾತು. ಒಂದು ಆಟವನ್ನ ಕಂಪನಿಯವರು ಮಾಡಿ ಬಿಡ್ತಾರೆ. ಅದಕ್ಕೆ ಆಡುವವರೇ ಹೊಸ ವಾಹನ, ಹೊಸ ರಸ್ತೆ, ಹೊಸ ಬಣ್ಣ, ಹೊಸ ಹಾರನ್ ಸೇರಿಸ್ತಾರೆ. ಹಾಗೆ ಸೇರಿಸಿದ್ದಕ್ಕೆ ಮಾಡ್ ಅಂತ ಹೆಸರು. ಇಂಗ್ಲಿಷಿನಲ್ಲಿ ಅದು ಬದಲಾವಣೆ ಅನ್ನೋ ಪದದ ಮೊಟಕು. ನನಗಂತೂ ಅದು ಕನ್ನಡದ 'ಮಾಡು' ಅಂತಲೇ ಕೇಳಿಸುತ್ತೆ :) ಇದ್ದದ್ದನ್ನ ಇದ್ದ ಹಾಗೆ ಬಿಡದೆ ಏನೋ ಒಂದು ಮಾಡು!

ನಮ್ಮ ಕಡೆ ಹುಡುಗರಿಗೆ ಬಸ್ಸಿನ ಹುಚ್ಚು ಜಾಸ್ತಿ. ಇಂಡೊನೇಷ್ಯಾದ ಮಾಲೆಯೋ ಅನ್ನೋ ಕಂಪನಿ 2017ರಲ್ಲಿ ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ ಅನ್ನೋ ಮೊಬೈಲ್ ಆಟ ತಂತು. ಅದಕ್ಕೆ ಹೊರಗಿನವರು ಮಾಡಿದ ವಾಹನ ಹಾಕಲು ಅವಕಾಶ ಇರೋದರಿಂದ ಜಾವಾ ದ್ವೀಪದ ರಸ್ತೆಯಲ್ಲಿ ಕರ್ನಾಟಕ ಸಾರಿಗೆ, ಐರಾವತ, ರಾಜಹಂಸ ಎಲ್ಲ ಓಡಾಡ್ತಿವೆ. ಕಂಪ್ಯೂಟರ್ ಇರೋರು ಯೂರೋ ಟ್ರಕ್ ಸಿಮ್ಯುಲೇಟರ್ 2 ಆಡ್ತಾರೆ. ಚೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್‌ನವರು 2012ರಲ್ಲಿ ಬಿಟ್ಟ ಆಟ. ಹೆಸರಿಗೆ ಯುರೋಪಿನ ಲಾರಿ, ಹುಡುಗರು ಓಡಿಸೋದು ನಮ್ಮ ಬಸ್ಸು. ಈ ಆಟ ಲಿನಕ್ಸ್‌ಗೂ ನೇರವಾಗಿ ಸಿಗುತ್ತೆ. ಅದಕ್ಕೇ ನನ್ನಂಥ ಲಿನಕ್ಸ್ ಭಕ್ತನಿಗೂ ಈ ವಿಷಯದಲ್ಲಿ ಬಾಯಿ ಹಾಕೋ ಹಕ್ಕಿದೆ.

ಈಗ ಈ ಮಾಡ್‌ಗಳಿಗೆ ದುಡ್ಡು ಕೇಳೋ ದಾರಿ ಮೂರು. ಮೂರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಜಗಳ ಆಡೋರು ಯಾವಾಗಲೂ ಇಲ್ಲೇ ಎಡವೋದು.

ಒಂದನೆಯದು, ಮಾಡ್‌ಗೇ ಬೆಲೆ. ಟೆಲಿಗ್ರಾಂನಲ್ಲಿ ಬಸ್ಸಿನ ಚಿತ್ರ ಹಾಕ್ತಾರೆ, ಕೆಳಗೆ ಯುಪಿಐ ಕ್ಯೂಆರ್ ಕೋಡ್. ದುಡ್ಡು ಕಳಿಸಿ ಸ್ಕ್ರೀನ್‌ಶಾಟ್ ಹಾಕಿದರೆ ಫೈಲು ಬರುತ್ತೆ. ಎರಡನೆಯದು, ಮಾಡ್ ಪುಕ್ಕಟೆ ಆದರೆ ದಾರಿಗೆ ಬೆಲೆ. ನಿಧಾನವಾಗಿ, ಒಂದೊಂದೇ ಗುಂಡಿ ಒತ್ತಿ ಇಳಿಸಿಕೊಂಡರೆ ಉಚಿತ, ಬೇಗ ಬೇಕು ಅಂದ್ರೆ ತಿಂಗಳ ಚಂದಾ. ಮೂರನೆಯದು ಎಲ್ಲಕ್ಕಿಂತ ಕೊಳಕು: ದುಡ್ಡು ಬೇಡ ಅಂತಾರೆ, ನಿಮ್ಮ ಹೊತ್ತನ್ನ ತಿಂತಾರೆ. ಒಂದು ಲಿಂಕ್ ಒತ್ತಿದರೆ ಹದಿನೈದು ಸೆಕೆಂಡ್ ಕಾಯಿರಿ ಅಂತ ಒಂದು ಪುಟ, ಅದಾದ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಎಲ್ಲೆಲ್ಲೂ 'ಡೌನ್‌ಲೋಡ್' ಅನ್ನೋ ಹಸಿರು ಗುಂಡಿ, ಅದರಲ್ಲಿ ನಿಜವಾದ್ದು ಒಂದೇ. ಕೊನೆಗೂ ಫೈಲು ಬಂತಾ? ಅದಕ್ಕೊಂದು ಪಾಸ್‌ವರ್ಡ್. ಆ ಪಾಸ್‌ವರ್ಡ್ ಯೂಟ್ಯೂಬ್ ವೀಡಿಯೋದ ಮಧ್ಯೆ ಎಲ್ಲೋ ಕಣ್ಣು ಮಿಟುಕಿಸೋ ಅಷ್ಟರಲ್ಲಿ ಬಂದು ಹೋಗುತ್ತೆ. ಎಂಟು ನಿಮಿಷ ನೋಡ್ತಾ ಕೂರಬೇಕು. ಎಂಟನೇ ಕ್ಲಾಸಿನ ಹುಡುಗ ಅಪ್ಪನ ಮೊಬೈಲಿನಲ್ಲಿ ಇದನ್ನೆಲ್ಲ ಒತ್ತುತ್ತಾ ಹೋದರೆ ಬಸ್ಸಿನ ಜೊತೆ ಇನ್ನೇನೇನು ಇಳಿದು ಕೂರುತ್ತೋ ದೇವರೇ ಬಲ್ಲ. ಅದೇ ಮೊಬೈಲಿನಲ್ಲಿ ಅಪ್ಪನ ಬ್ಯಾಂಕೂ ಇರುತ್ತಲ್ಲ!

ನನ್ನ ಅಕ್ಕನ ಮಗ ಕುಣಿಗಲ್ಲಿನಲ್ಲಿದ್ದಾನೆ, ಪಿಯುಸಿ ಓದ್ತಾನೆ. ಅವನು ಹಬ್ಬದ ದುಡ್ಡಿನಲ್ಲಿ 149 ರೂಪಾಯಿ ಕೊಟ್ಟು ಒಂದು ಬಸ್ ಪ್ಯಾಕ್ ತಗೊಂಡ. ಮಾರಿದವನ ಹೆಸರು ಇಲ್ಲಿ ಬೇಡ, ಅಂಥವರು ಊರಿಗೊಬ್ಬರಿದ್ದಾರೆ. ಬಂದದ್ದು ಏನು? ವಿಂಡೋಸ್‌ನ ಒಂದು ಇನ್‌ಸ್ಟಾಲರ್, ಅದಕ್ಕೊಂದು ಕೀ. ಹುಡುಗನ ಲ್ಯಾಪ್‌ಟಾಪಿನಲ್ಲಿ ಉಬುಂಟು ಹಾಕಿಕೊಟ್ಟವನು ನಾನೇ. "ಮಾಮ, ಇದು ನಮ್ಮದ್ರಲ್ಲಿ ಓಪನ್ನೇ ಆಗ್ತಿಲ್ಲ" ಅಂದ. ಗೆಳೆಯನ ವಿಂಡೋಸ್ ಕಂಪ್ಯೂಟರಿನಲ್ಲಿ ತೆಗೆದ. ಕೀ ಆ ಕಂಪ್ಯೂಟರಿಗೇ ಅಂಟಿಕೊಂಡಿತು. ಮಾರಿದವನನ್ನ ಕೇಳಿದರೆ "ಒಂದು ಕೀ ಒಂದು ಸಿಸ್ಟಮ್ ಬ್ರೋ, ಇನ್ನೊಂದಕ್ಕೆ ಇನ್ನೊಂದ್ಸಲ ಪೇ ಮಾಡಿ" ಅಂತ ಉತ್ತರ. ಎರಡನೇ ಸಲ ಕೇಳಿದಾಗ ಬ್ಲಾಕ್!

149 ರೂಪಾಯಿ ದೊಡ್ಡ ಮೊತ್ತ ಅಲ್ಲ ಬಿಡಿ. ಆದರೆ ಆ ಹುಡುಗ ದುಡ್ಡು ಕೊಟ್ಟು ಕಲಿತ ಪಾಠ ಇದೆಯಲ್ಲ, ಅದು ನನಗೆ ಬೇಜಾರು ತಂದದ್ದು. ಕಂಪ್ಯೂಟರ್ ಅಂದ್ರೆ ಮುಟ್ಟಬಾರದ ಪೆಟ್ಟಿಗೆ, ಕೀ ಇದ್ದವನ ಮುಂದೆ ಕೈ ಕಟ್ಟಿ ನಿಲ್ಲಬೇಕು ಅನ್ನೋ ಪಾಠ.

ಬೀಗ ಇಲ್ಲದಿದ್ದರೆ ಏನಾಗ್ತಿತ್ತು ನೋಡಿ. ಈ ಟ್ರಕ್ ಆಟದ ಮಾಡ್ ಸಾಮಾನ್ಯವಾಗಿ ಒಂದು ಜಿಪ್ ಫೈಲು, ಬಾಲಕ್ಕೆ ಮಾತ್ರ ಎಸ್‌ಸಿಎಸ್ ಅಂತ ಹೆಸರು. ಲಿನಕ್ಸ್‌ನಲ್ಲಿ ನಮ್ಮ ಹೋಮ್ ಫೋಲ್ಡರಿನ ಒಳಗೆ 'ಲೋಕಲ್', ಅದರೊಳಗೆ 'ಶೇರ್', ಅದರೊಳಗೆ ಆಟದ ಹೆಸರಿನ ಫೋಲ್ಡರು, ಅದರೊಳಗೆ 'ಮಾಡ್' ಅಂತ ಒಂದು ಫೋಲ್ಡರು. ಫೈಲನ್ನ ಅಲ್ಲಿ ಇಟ್ಟರೆ ಮುಗೀತು. ಆಟದೊಳಗೇ ಮಾಡ್ ಮ್ಯಾನೇಜರ್ ಇದೆ. ಬೇಕಾದ್ದನ್ನ ಬಲಗಡೆಗೆ ಹಾಕಿ, ಯಾವುದು ಮೇಲೆ ಯಾವುದು ಕೆಳಗೆ ಅಂತ ಜೋಡಿಸಿ, ಓಕೆ. ವಿಂಡೋಸ್ ಬೇಡ, ಇನ್‌ಸ್ಟಾಲರ್ ಬೇಡ. ಅಂದ್ರೆ ಆ ಇನ್‌ಸ್ಟಾಲರ್ ಇದ್ದದ್ದು ಬಸ್ಸನ್ನ ಕೂರಿಸೋಕಲ್ಲ, ಬೀಗವನ್ನ ಕೂರಿಸೋಕೆ!

ಇನ್ನೊಂದು ವಿಷಯ. ಈ ಆಟಕ್ಕೆ ವರ್ಷದಲ್ಲಿ ಹಲವು ಸಲ ಹೊಸ ಆವೃತ್ತಿ ಬರುತ್ತೆ. ಬಂದಾಗಲೆಲ್ಲ ಹಳೆಯ ಮಾಡ್‌ಗಳಲ್ಲಿ ಏನೋ ಒಂದು ಕೆಡುತ್ತೆ. ಕನ್ನಡಿ ಕಾಣಲ್ಲ, ಬಾಗಿಲು ತೆಗೆಯಲ್ಲ, ಇಲ್ಲಾ ಆಟವೇ ಮುಚ್ಚಿಕೊಳ್ಳುತ್ತೆ. ತೆರೆದ ಮಾಡ್ ಆದರೆ ಜಿಪ್ ಬಿಚ್ಚಿ, ಒಳಗಿರೋ ಪಠ್ಯದ ಫೈಲಿನಲ್ಲಿ ಎರಡು ಸಾಲು ತಿದ್ದಿ ಸರಿ ಮಾಡಿಕೊಳ್ಳಬಹುದು. ನಾನೇ ಎಷ್ಟೋ ಸಲ ಮಾಡಿದ್ದೀನಿ, ಗೆಡಿಟ್ ಒಂದಿದ್ದರೆ ಸಾಕು. ಬೀಗ ಹಾಕಿದ್ದಾದರೆ ಮಾರಿದವನೇ ಹೊಸದು ಕೊಡಬೇಕು. ಅವನಿಗೆ ಡಿಗ್ರಿ ಮುಗೀತು, ಕೆಲಸ ಸಿಕ್ತು, ಬೆಂಗಳೂರಿಗೆ ಹೋದ... ಬಸ್ಸು ಡಿಪೋದಲ್ಲೇ ತುಕ್ಕು ಹಿಡೀತು. ದುಡ್ಡು ಕೊಟ್ಟವನ ಹತ್ತಿರವೇ ರಿಪೇರಿ ಮಾಡೋ ಹಕ್ಕಿಲ್ಲ.

ಲಿನಕ್ಸ್‌ನವರಿಗೆ ಈ ಪೆಟ್ಟು ಎರಡರಷ್ಟು. ದೊಡ್ಡ ಆಟಗಳ ಹೆಸರಾಂತ ಮಾಡ್ ಮ್ಯಾನೇಜರ್‌ಗಳು ಹುಟ್ಟಿದ್ದು ವಿಂಡೋಸ್‌ಗೆ. ಮಾಡ್ ಆರ್ಗನೈಸರ್ 2 ಇದೆ, ನೆಕ್ಸಸ್ ಮಾಡ್ಸ್‌ನವರ ವೋರ್ಟೆಕ್ಸ್ ಇದೆ. ಎರಡರ ಮೂಲಸಂಕೇತವೂ ಮುಕ್ತವಾಗಿದೆ, ಅದು ಸಂತೋಷದ ಮಾತು. ಮಾಡ್ ಆರ್ಗನೈಸರ್ ಆಟದ ಫೋಲ್ಡರನ್ನ ಮುಟ್ಟೋದೇ ಇಲ್ಲ. ಪ್ರತಿಯೊಂದು ಮಾಡನ್ನೂ ಬೇರೆ ಬೇರೆ ಇಟ್ಟು, ಆಟಕ್ಕೆ ಮಾತ್ರ ಎಲ್ಲ ಒಂದೇ ಕಡೆ ಇರೋ ಹಾಗೆ ತೋರಿಸುತ್ತೆ. ವೋರ್ಟೆಕ್ಸ್ ಹಾರ್ಡ್ ಲಿಂಕ್ ಹಾಕಿ ಜೋಡಿಸುತ್ತೆ. 2018ರ ಆಗಸ್ಟ್‌ನಲ್ಲಿ ವಾಲ್ವ್‌ನವರು ಪ್ರೋಟಾನ್ ಬಿಟ್ಟ ಮೇಲೆ, 2022ರ ಫೆಬ್ರವರಿಯಲ್ಲಿ ಸ್ಟೀಮ್ ಡೆಕ್ ಬಂದ ಮೇಲೆ ವಿಂಡೋಸ್ ಆಟಗಳು ಲಿನಕ್ಸ್‌ನಲ್ಲಿ ಸಲೀಸಾಗಿ ಓಡ್ತಿವೆ. ಆಟ ಓಡಿದರೂ ಮಾಡ್‌ಗಳ ಕಷ್ಟ ತಪ್ಪಿಲ್ಲ. ಲಿನಕ್ಸ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ ಅಲ್ವಾ? ಒಬ್ಬ ಫೋಲ್ಡರಿನ ಹೆಸರು ದೊಡ್ಡಕ್ಷರದಲ್ಲಿ ಶುರು ಮಾಡಿದ, ಇನ್ನೊಬ್ಬ ಚಿಕ್ಕಕ್ಷರದಲ್ಲಿ. ವಿಂಡೋಸ್‌ಗೆ ಎರಡೂ ಒಂದೇ. ಇಲ್ಲಿ ಎರಡು ಫೋಲ್ಡರ್ ಆಗಿ ಅರ್ಧ ಚಿತ್ರ ಮಾಯ. ಇದಕ್ಕೆ ಮದ್ದು ಒಂದೇ: ಫೈಲು ಬಿಚ್ಚಿ ಹೆಸರು ಸರಿಪಡಿಸೋದು. ಬೀಗ ಹಾಕಿದ್ದನ್ನ ಹೇಗೆ ಬಿಚ್ಚೋದು?

ಇನ್ನು ದಾರಿಗೆ ಬೆಲೆ ಇಟ್ಟವರ ಕತೆ. ನೆಕ್ಸಸ್ ಮಾಡ್ಸ್ 2001ರಿಂದ ಬೆಳೆದುಬಂದ ತಾಣ, ಈ ಲೋಕದ ದೊಡ್ಡ ಉಗ್ರಾಣ. ಅಲ್ಲಿ ಮಾಡ್‌ಗೆ ಬೆಲೆ ಇಡೋ ಹಾಗಿಲ್ಲ, ಎಲ್ಲ ಉಚಿತ. 2018ರಿಂದ ಡೊನೇಶನ್ ಪಾಯಿಂಟ್ಸ್ ಅಂತ ಒಂದು ಪದ್ಧತಿ ಇಟ್ಟು, ಎಷ್ಟು ಜನ ಇಳಿಸಿಕೊಂಡರು ಅನ್ನೋದರ ಮೇಲೆ ಮಾಡಿದವರಿಗೆ ಪಾಲು ಕೊಡ್ತಾರೆ. ಒಳ್ಳೇದೇ. ಆದರೆ ಚಂದಾ ಕೊಡದವರಿಗೆ ವೇಗಕ್ಕೆ ಮಿತಿ. ಅದರ ಜೊತೆಗೆ ಮ್ಯಾನೇಜರ್ ತಾನಾಗಿಯೇ ಫೈಲು ತಂದುಕೊಳ್ಳೋ ಸೌಲಭ್ಯ ಚಂದಾದಾರರಿಗೆ ಮಾತ್ರ. ಉಳಿದವರು ಪ್ರತಿಯೊಂದಕ್ಕೂ ತಾಣಕ್ಕೆ ಹೋಗಿ ಗುಂಡಿ ಒತ್ತಬೇಕು. ನೂರಾರು ಮಾಡ್‌ಗಳ ಪಟ್ಟಿಯನ್ನ ಒಟ್ಟಿಗೆ ಕೂರಿಸೋ ವಬ್ಬಾಜ್ಯಾಕ್ ಅನ್ನೋ ತಂತ್ರಾಂಶದಲ್ಲಿ ಇದನ್ನ ಮಾಡಿ ನೋಡಿ, ಬೆರಳು ಸವೆಯುತ್ತೆ! ಲಿನಕ್ಸ್‌ನಲ್ಲಿ ಆ ಗುಂಡಿ ಒತ್ತಿದರೆ ಮ್ಯಾನೇಜರಿಗೆ ಸುದ್ದಿ ಮುಟ್ಟೋ ಹಾಗೆ ಮೊದಲೇ ನಾವೇ ಕೈಯಾರೆ ಜೋಡಿಸಬೇಕಾದ ಪ್ರಸಂಗವೂ ಉಂಟು.

ಸರ್ವರ್ ಖರ್ಚು ಇದೆ, ನಾನು ಒಪ್ತೀನಿ. ಕ್ಯಾತ್ಸಂದ್ರದ ಹತ್ತಿರ ಟೋಲ್ ಕೊಡ್ತೀವಿ, ರಸ್ತೆ ಮಾಡಿದ ಖರ್ಚು ಅಂತ ಗೊಣಗಿಕೊಂಡೇ ಕೊಡ್ತೀವಿ. ವೇಗಕ್ಕೆ ದುಡ್ಡು ಕೇಳಿದರೆ ತಕರಾರಿಲ್ಲ. ಆದರೆ ಬಾಗಿಲನ್ನೇ ಎರಡು ಮಾಡಿ, ದುಡ್ಡು ಕೊಟ್ಟವನಿಗೆ ತಾನಾಗಿ ತೆರೆಯೋ ಬಾಗಿಲು, ಕೊಡದವನಿಗೆ ನೂರು ಸಲ ಬಡಿಯೋ ಬಾಗಿಲು ಅಂತ ಇಟ್ಟರೆ, ಅಲ್ಲಿ ಖರ್ಚಿನ ಜೊತೆಗೆ ಕಿರುಕುಳವನ್ನೂ ಮಾರ್ತಾ ಇದ್ದಾರೆ ಅಂತ ಅರ್ಥ. ಬೇರೆ ದಾರಿ ಇಲ್ಲವೇ? ಇದೆ. ಥಂಡರ್‌ಸ್ಟೋರ್ ತಾಣದ ಮಾಡ್‌ಗಳನ್ನ ಆರ್2ಮಾಡ್‌ಮ್ಯಾನ್ ಅನ್ನೋ ಮುಕ್ತ ತಂತ್ರಾಂಶ ಲಿನಕ್ಸ್‌ನಲ್ಲೇ ನೇರವಾಗಿ ಇಳಿಸಿ ಜೋಡಿಸುತ್ತೆ, ಚಂದಾ ಕೇಳಲ್ಲ. ಮೈನ್‌ಕ್ರಾಫ್ಟ್ ಆಡೋರಿಗೆ ಮಾಡ್ರಿಂತ್ ಇದೆ. ಅಲ್ಲಿ ಜಾಹೀರಾತಿನ ಆದಾಯದಲ್ಲಿ ಮಾಡಿದವರಿಗೇ ಪಾಲು ಹೋಗುತ್ತೆ. ಪ್ರಿಸಂ ಲಾಂಚರ್ ಅನ್ನೋ ಮುಕ್ತ ತಂತ್ರಾಂಶದಲ್ಲಿ ಅಲ್ಲಿನ ಮಾಡ್ ಒಂದೇ ಒತ್ತಿಗೆ ಬಂದು ಕೂರುತ್ತೆ. ಆಗದು ಅನ್ನೋರು ಇದನ್ನ ನೋಡಲಿ.

ನಮ್ಮೂರ ಭಾಷೆಯಲ್ಲಿ ಹೇಳಬೇಕಂದ್ರೆ ಮಾಡ್ ಮ್ಯಾನೇಜರ್ ಅಂದ್ರೆ ನೀರುಗಂಟಿ. ಕುಣಿಗಲ್ ಕಡೆಯವರಿಗೆ ಕೆರೆಯ ಕತೆ ಹೇಳಬೇಕಿಲ್ಲ. ಕೆರೆಯ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿ ಬಿಡೋನು ನೀರುಗಂಟಿ. ಆ ಕೆಲಸಕ್ಕೆ ಸುಗ್ಗಿಯಲ್ಲಿ ಅವನಿಗೆ ಕಣದಲ್ಲೇ ಕಾಳು ಅಳೆದು ಕೊಡ್ತಿದ್ದರು. ಅವನ ಪಾಲು ಅವನಿಗೆ, ಯಾರೂ ತಕರಾರು ಮಾಡ್ತಿರಲಿಲ್ಲ. ಆದರೆ ನೀರು ತನ್ನದು ಅಂತ ಅವನು ತೂಬಿಗೆ ಬೀಗ ಹಾಕಿದ್ದರೆ? ಊರವರು ಸುಮ್ಮನೆ ಬಿಡ್ತಿದ್ದರಾ?

ಈಗ ಕೇಳಬೇಕಾದ ಪ್ರಶ್ನೆ: ಆ ಬಸ್ಸು ಯಾರದ್ದು? ಕೆಎಸ್‌ಆರ್‌ಟಿಸಿ ಅನ್ನೋ ಹೆಸರಿಗಾಗಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳು ವರ್ಷಗಟ್ಟಲೆ ಕಿತ್ತಾಡಿದವು. 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿಯನ್ನ ವಜಾ ಮಾಡಿತು, ನಮ್ಮ ನಿಗಮ ಆ ಹೆಸರನ್ನ ಬಳಸಿಕೊಳ್ಳೋಕೆ ಅಡ್ಡಿ ಉಳಿಯಲಿಲ್ಲ. ಎರಡು ಸರ್ಕಾರಗಳು ಕೋರ್ಟಿನಲ್ಲಿ ಹೊಡೆದಾಡಿದ ಹೆಸರು ಅದು. ಗಂಡಭೇರುಂಡದ ಲಾಂಛನ ನಮ್ಮೆಲ್ಲರದು. ಅವೆರಡನ್ನೂ ಬಸ್ಸಿನ ಮೈಮೇಲೆ ಅಂಟಿಸಿ, ಜಿಪ್ ಫೈಲಿಗೆ ಪಾಸ್‌ವರ್ಡ್ ಹಾಕಿ, ಕೆಳಗೆ 'ನನ್ನ ಮಾಡ್ ಕದ್ದರೆ ಕಾನೂನು ಕ್ರಮ' ಅಂತ ಬರೀತಾರಲ್ಲ, ಆ ಧೈರ್ಯಕ್ಕೆ ಏನನ್ನೋಣ? :)

ಒಳಗೆ ಬಿಚ್ಚಿ ನೋಡಿದರೆ ಇನ್ನೂ ಮಜಾ. ಒಂದು ಬಸ್ ಮಾಡ್ ಅಂದ್ರೆ ಒಬ್ಬನ ಕೆಲಸ ಅಲ್ಲ. ಚಾಸಿಯ ಮಾದರಿ ಒಬ್ಬನದು, ಮೈ ಇನ್ನೊಬ್ಬನದು, ಹಾರನ್ ಯಾರೋ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೊಬೈಲಿನಲ್ಲಿ ಹಿಡಿದಿದ್ದು, ಬಣ್ಣ ಮತ್ತೊಬ್ಬನದು. ಎಲ್ಲದಕ್ಕೂ ತಳಹದಿ ಆಟದ ಕಂಪನಿಯದು. ಎಸ್‌ಸಿಎಸ್‌ನವರು ಬ್ಲೆಂಡರ್‌ಗೆ ಬೇಕಾದ ಸಲಕರಣೆಯನ್ನೂ ಪುಕ್ಕಟೆ ಕೊಟ್ಟಿದ್ದಾರೆ. ಹತ್ತು ಜನ ತೆರೆದಿಟ್ಟಿದ್ದನ್ನ ಒಟ್ಟು ಮಾಡಿ ಹನ್ನೊಂದನೆಯವನು ಬಾಗಿಲು ಹಾಕಿಕೊಂಡ. ಅವನ ಹಿಂದಿನ ಹತ್ತು ಜನರೂ ಹೀಗೇ ಮಾಡಿದ್ದರೆ ಅವನ ಬಸ್ಸಿಗೆ ಚಕ್ರವೇ ಇರ್ತಿರಲಿಲ್ಲ.

ಇದು ನಮ್ಮಲ್ಲಿ ಮಾತ್ರ ಆಗೋ ಗಲಾಟೆ ಅಂದುಕೊಳ್ಳಬೇಡಿ. 2015ರ ಏಪ್ರಿಲ್ 23ರಂದು ವಾಲ್ವ್ ಮತ್ತು ಬೆಥೆಸ್ಡಾ ಸೇರಿ ಸ್ಕೈರಿಮ್ ಆಟದ ಮಾಡ್‌ಗಳನ್ನ ಮಾರಾಟಕ್ಕಿಟ್ಟವು. ನೂರು ರೂಪಾಯಿ ಬಂದರೆ ಮಾಡಿದವನಿಗೆ 25. ವಾಲ್ವ್‌ಗೆ 30, ಬೆಥೆಸ್ಡಾಕ್ಕೆ 45. ದುಡಿದವನಿಗೆ ಕಾಲು ಭಾಗ, ಕೂತವರಿಗೆ ಮುಕ್ಕಾಲು! ಮೊದಲ ದಿನಗಳಲ್ಲೇ ಮೀನು ಹಿಡಿಯೋ ಒಂದು ಮಾಡ್ ವಾಪಸ್ ಹೋಯಿತು. ಯಾಕೆ ಅಂದ್ರೆ ಅದು ನಿಂತಿದ್ದು ಬೇರೊಬ್ಬರು ಉಚಿತವಾಗಿ ಕೊಟ್ಟಿದ್ದ ಅನಿಮೇಷನ್ ಕೆಲಸದ ಮೇಲೆ. ಆಡುವವರ ಸಿಟ್ಟಿಗೆ ಏಪ್ರಿಲ್ 27ಕ್ಕೆ ಅಂಗಡಿ ಬಾಗಿಲು ಹಾಕಿ ದುಡ್ಡು ಹಿಂದಿರುಗಿಸಿದರು. ನಾಲ್ಕೇ ದಿನ. ಆದರೆ ಬುದ್ಧಿ ಬಿಟ್ಟರಾ? 2017ರಲ್ಲಿ ಕ್ರಿಯೇಷನ್ ಕ್ಲಬ್ ಅಂತ ಬೇರೆ ಬೋರ್ಡ್ ಹಾಕಿಕೊಂಡು ಬಂದರು, 2023ರ ಡಿಸೆಂಬರ್‌ನಲ್ಲಿ ಕ್ರಿಯೇಷನ್ಸ್ ಅಂತ ಇನ್ನೊಂದು.

2023ರ ಸೆಪ್ಟೆಂಬರ್‌ನಲ್ಲಿ ಸ್ಟಾರ್‌ಫೀಲ್ಡ್ ಬಂದಾಗ ಇನ್ನೊಂದು ಕತೆ ಆಯಿತು. ಆಟದಲ್ಲಿ ಡಿಎಲ್‌ಎಸ್‌ಎಸ್ ಸೌಲಭ್ಯ ಇರಲಿಲ್ಲ. ಒಬ್ಬರು ಮಾಡ್ ಮಾಡಿ, ಬೀಗ ಹಾಕಿ, ಪೇಟ್ರಿಯಾನ್‌ನಲ್ಲಿ ಚಂದಾ ಕೊಟ್ಟವರಿಗೆ ಮಾತ್ರ ಅಂದರು. ಕೆಲವೇ ದಿನದಲ್ಲಿ ಬೀಗ ಒಡೆದರು. ಇನ್ನೊಬ್ಬರು ಅದೇ ಕೆಲಸದ ಮಾಡನ್ನ ಪುಕ್ಕಟೆ ಕೊಟ್ಟರು. ನವೆಂಬರ್‌ನಲ್ಲಿ ಕಂಪನಿಯೇ ಅದನ್ನ ಸೇರಿಸಿತು. ಬೀಗದಿಂದ ಆದದ್ದು ಏನು? ಒಡೆಯೋರಿಗೆ ಕೆಲಸ, ದುಡ್ಡು ಕೊಟ್ಟ ಪ್ರಾಮಾಣಿಕನಿಗೆ ಕಾಟ. ಬೀಗ ಯಾವಾಗಲೂ ಮರ್ಯಾದಸ್ಥನಿಗೇ ಹಾಕೋದು, ಕಳ್ಳನಿಗೆ ಅದು ಲೆಕ್ಕಕ್ಕಿಲ್ಲ.

"ಹಾಗಾದ್ರೆ ಹುಡುಗರು ಪುಕ್ಕಟೆ ದುಡೀಬೇಕಾ? ನೀವು ಸಂಬಳ ತಗೊಂಡು ಬೇರೆಯವರಿಗೆ ದಾನದ ಪಾಠ ಹೇಳ್ತೀರಾ?" ಈ ಪ್ರಶ್ನೆಯನ್ನ ಗುಬ್ಬಿಯ ಹುಡುಗನೊಬ್ಬ ನನಗೆ ಮುಖಕ್ಕೇ ಕೇಳಿದ್ದಾನೆ. ಅವನು ಡಿಪ್ಲೊಮಾ ಓದ್ತಾ, ರಾತ್ರಿ ಹೊತ್ತು ಬಸ್ಸಿಗೆ ಬಣ್ಣ ಬರೀತಾನೆ. ಒಂದು ಬಸ್ಸಿನ ಕಿಟಕಿ ಗಾಜು, ಬೋರ್ಡಿನ ಕನ್ನಡ ಅಕ್ಷರ, ಹಿಂದಿನ ದೀಪ ಎಲ್ಲ ಸರಿಯಾಗಿ ಬರೋಕೆ ಅವನಿಗೆ ಎರಡು ತಿಂಗಳು ಹಿಡೀತು. ಅವನ ಸಿಟ್ಟು ನ್ಯಾಯವಾದದ್ದು. "ಅಣ್ಣಾ, ಚೆನ್ನಾಗಿದೆ ಅಂತ ನೂರು ಜನ ಹೇಳ್ತಾರೆ, ಕರೆಂಟ್ ಬಿಲ್ ಒಬ್ಬರೂ ಕಟ್ಟಲ್ಲ" ಅಂದ. ಈ ಮಾತಿಗೆ ಉತ್ತರ ಕೊಡದೆ ಬೀಗ ಬೇಡ ಬೀಗ ಬೇಡ ಅಂತ ಕೂಗಿದರೆ ಅದು ಹೊಟ್ಟೆ ತುಂಬಿದವನ ಮಾತಾಗುತ್ತೆ.

ನನ್ನ ಉತ್ತರ ಅವನ ಊರಲ್ಲೇ ಇದೆ. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ನಾಟಕ ಕಂಪನಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೇ ಹೆಸರಾಯಿತು. ಟಿಕೆಟ್ ಇಟ್ಟೇ ನಾಟಕ ಆಡಿದರು, ಯಾರೂ ತಪ್ಪು ಅನ್ನಲಿಲ್ಲ. ಆದರೆ ಕಂಪನಿ ನಾಟಕಗಳ ಮಟ್ಟು ಹಳ್ಳಿ ಹಳ್ಳಿಗೆ ಹರಡಿತು. ಇವತ್ತಿಗೂ ತುಮಕೂರು ಜಿಲ್ಲೆಯಲ್ಲಿ ಕುರುಕ್ಷೇತ್ರ ನಾಟಕ ಆಡದ ಹೋಬಳಿ ಹುಡುಕಬೇಕು. ಅಲ್ಲಿ ಹಾರ್ಮೋನಿಯಂ ಮೇಷ್ಟ್ರಿಗೆ ದುಡ್ಡು ಕೊಡ್ತಾರೆ, ಡ್ರಾಮಾ ಸೀನರಿಯವರಿಗೆ ಬಾಡಿಗೆ ಕೊಡ್ತಾರೆ, ಪಾತ್ರ ಮಾಡೋನು ತಾನೇ ಕೈಯಿಂದ ಖರ್ಚು ಹಾಕ್ತಾನೆ. ಎಲ್ಲ ಕೆಲಸಕ್ಕೆ ಕೊಟ್ಟ ದುಡ್ಡು. ಕಲಿತ ಹಾಡನ್ನ ಪಕ್ಕದ ಊರಲ್ಲಿ ಹಾಡಬೇಡ ಅಂತ ಮೇಷ್ಟ್ರು ಕೀ ಕೊಟ್ಟಿದ್ದುಂಟಾ? ಹಾಗೆ ಮಾಡಿದ್ದರೆ ಒಂದೇ ತಲೆಮಾರಿಗೆ ಹಾಡು ಸಾಯ್ತಿತ್ತು, ಮೇಷ್ಟ್ರಿಗೂ ಮುಂದಿನ ಊರಿನ ಕರೆ ಬರ್ತಿರಲಿಲ್ಲ.

ಕನ್ನಡದ ಕಂಪ್ಯೂಟರ್ ಬಳಕೆಯನ್ನೇ ತಗೊಳ್ಳಿ. ಬರಹ ತಂತ್ರಾಂಶ 1998ರಲ್ಲಿ ಬಂದಾಗ ಉಚಿತವಾಗಿ ಸಿಗ್ತಿತ್ತು. ಮುಂದೆ ಹೊಸ ಆವೃತ್ತಿಗಳಿಗೆ ಬೆಲೆ ಬಂತು. ಅದು ಮಾಡಿದವರ ಹಕ್ಕು, ತಮ್ಮದೇ ಕೆಲಸಕ್ಕೆ ತಾವೇ ಕೇಳಿದ ಬೆಲೆ, ಅದರಲ್ಲಿ ತಪ್ಪೇನಿದೆ? ನಮ್ಮನ್ನ ಕಾಡಿದ್ದು ಬೆಲೆ ಅಲ್ಲ, ಬೀಗ. ಒಂದೊಂದು ಪತ್ರಿಕೆಯ ತಾಣಕ್ಕೆ ಒಂದೊಂದು ಫಾಂಟ್ ಇಳಿಸಿಕೊಳ್ಳಬೇಕಿದ್ದ ಕಾಲ ನೆನಪಿದೆಯಾ? ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಏನೇನೋ ಗೀಚು. ಬರೆದದ್ದು ನಮ್ಮ ಭಾಷೆ, ಓದೋಕೆ ಇನ್ನೊಬ್ಬರ ಅಪ್ಪಣೆ. ಯೂನಿಕೋಡ್ ಬಂದ ಮೇಲೆ ಆ ಬೀಗ ಹೋಯಿತು. ಅದಕ್ಕೇ ಇವತ್ತು ಯಾವ ಮೊಬೈಲಿನಲ್ಲಾದರೂ ಕನ್ನಡ ಓದ್ತೀವಿ. ಇನ್ನೊಂದು ಸಂತೋಷದ ಸಂಗತಿ: ಡೆಬಿಯನ್, ಉಬುಂಟುವಿನಲ್ಲಿ 'ಗುಬ್ಬಿ' ಅನ್ನೋ ಕನ್ನಡ ಫಾಂಟೇ ಇದೆ, ಅದರ ಜೊತೆ 'ನವಿಲು' ಕೂಡ. ಹಕ್ಕಿಯ ಹೆಸರು ಇಟ್ಟಿದ್ದು, ನಮ್ಮ ತಾಲ್ಲೂಕಿನದಲ್ಲ. ಆದರೂ ನಮಗೆ ಹೆಮ್ಮೆ ಪಡೋಕೆ ಯಾರ ಅಡ್ಡಿ? :) ಒಂದು ಆಜ್ಞೆ ಕೊಟ್ಟರೆ ಇಳಿದು ಕೂರುತ್ತೆ. ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಆ ಬಸ್ ಬರೆಯೋ ಹುಡುಗ ತನ್ನ ಬೋರ್ಡಿನಲ್ಲಿ 'ತುಮಕೂರು' ಅಂತ ಬರೆಯೋಕೆ ಇಂಥದ್ದೇ ಯಾವುದೋ ಉಚಿತ ಫಾಂಟನ್ನ ಬಳಸಿರ್ತಾನೆ ಅನ್ನೋದನ್ನ ಮರೀಬಾರದು.

ಹಾಗಾದ್ರೆ ಅವನಿಗೆ ದುಡ್ಡು ಹೇಗೆ? ದಾರಿಗಳಿವೆ. ಒಂದು, ಮೊದಲೇ ಹಣ ತಗೊಂಡು ಮಾಡಿಕೊಡೋದು. "ನಮ್ಮೂರ ಖಾಸಗಿ ಬಸ್ಸು ಬೇಕು" ಅನ್ನೋ ಹತ್ತು ಜನ ನೂರು ನೂರು ಹಾಕಲಿ. ಅವನ ಎರಡು ತಿಂಗಳಿಗೆ ಒಂದು ಬೆಲೆ ಸಿಗುತ್ತೆ, ಬಸ್ಸು ತೆರೆದೇ ಇರುತ್ತೆ. ಎರಡು, ಮುಂಗಡ ಕೊಟ್ಟವರಿಗೆ ಮೊದಲು ಕೊಟ್ಟು, ಹೇಳಿದ ದಿನಕ್ಕೆ ಎಲ್ಲರಿಗೂ ಬಿಡೋದು. 2022ರಲ್ಲಿ ದಿ ಸಿಮ್ಸ್ 4 ಆಟದ ಇಎ ಕಂಪನಿ ಹೀಗೇ ನಿಯಮ ಮಾಡಿತು: ಸ್ವಲ್ಪ ದಿನ ಮೊದಲು ಕೊಡಬಹುದು, ಆಮೇಲೆ ಎಲ್ಲರಿಗೂ ಉಚಿತ ಆಗಲೇಬೇಕು. ಮೂರು, ದಾನದ ಕ್ಯೂಆರ್ ಕೋಡ್ ರಾಜಾರೋಷವಾಗಿ ಹಾಕೋದು. ನಾಲ್ಕು, ಕಲಿಸೋದಕ್ಕೆ ದುಡ್ಡು ತಗೊಳ್ಳೋದು. ಬ್ಲೆಂಡರ್, ಗಿಂಪ್, ಇಂಕ್‌ಸ್ಕೇಪ್ ಎಲ್ಲ ಪುಕ್ಕಟೆ ಸಿಗುತ್ತೆ, ಹೇಳಿಕೊಡೋರು ಮಾತ್ರ ಇಲ್ಲ. ಬಸ್ ಮಾಡೋದು ಬಂದವನಿಗೆ ಮೂರು ಆಯಾಮದ ಚಿತ್ರ ಮಾಡೋ ವಿದ್ಯೆ ಬಂದಂತೆ, ಅದರಿಂದ ಬಟ್ಟಲು ತುಂಬೋ ಕೆಲಸವೂ ಸಿಗುತ್ತೆ. ಅವನ ತೆರೆದ ಮಾಡ್‌ಗಳೇ ಅವನ ಸರ್ಟಿಫಿಕೇಟು. ಬೀಗ ಹಾಕಿದ್ದನ್ನ ಯಾರು ಬಿಚ್ಚಿ ನೋಡಿ ಕೆಲಸ ಕೊಡ್ತಾರೆ?

ಇನ್ನು ನಮ್ಮ ಕಡೆಯಿಂದ, ಅಂದ್ರೆ ಆಡೋರ ಕಡೆಯಿಂದ. ಪುಕ್ಕಟೆ ಸಿಕ್ಕಿದ್ದಕ್ಕೆ 'ಮುಂದಿನದ್ದು ಯಾವಾಗ' ಅಂತ ಹಲ್ಲು ಕಡಿಯೋ ಚಾಳಿ ಬಿಡಬೇಕು. ಚಹಾ ಅಂಗಡಿಯಲ್ಲಿ ದಿನಾ ಐವತ್ತು ರೂಪಾಯಿ ಲೆಕ್ಕವಿಲ್ಲದೆ ಹೋಗುತ್ತೆ. ವರ್ಷಕ್ಕೊಂದು ಸಲ ಇಷ್ಟವಾದ ಮಾಡ್ ಮಾಡಿದವನಿಗೆ ಐವತ್ತು ಹಾಕೋಕೆ ಕೈ ಬರಲ್ಲ. ಬೀಗ ಹುಟ್ಟೋದರಲ್ಲಿ ನಮ್ಮ ಜಿಪುಣತನದ ಪಾಲೂ ಇದೆ. ಕೊಡೋ ಮೊದಲು ಮೂರು ಪ್ರಶ್ನೆ ಕೇಳಿ ಸಾಕು: ಫೈಲನ್ನ ಬಿಚ್ಚಬಹುದಾ? ಕಂಪ್ಯೂಟರ್ ಬದಲಾದರೂ ಓಡುತ್ತಾ? ಯಾರ ಯಾರ ಕೆಲಸ ಸೇರಿದೆ ಅಂತ ಹೆಸರು ಹಾಕಿದ್ದೀಯಾ? ಮೂರಕ್ಕೂ ಹೌದು ಅಂದ್ರೆ ಕೇಳಿದ್ದಕ್ಕಿಂತ ಹತ್ತು ರೂಪಾಯಿ ಜಾಸ್ತಿಯೇ ಕೊಡಿ. ಇಲ್ಲ ಅಂದ್ರೆ ಒಂದು ರೂಪಾಯಿಯೂ ಕೊಡಬೇಡಿ. ಕದ್ದೂ ತರಬೇಡಿ. ಬೀಗ ಒಡೆದು ಹಂಚೋ ಗುಂಪುಗಳಿವೆ, ಅವುಗಳ ಸಹವಾಸ ಬೇಡ. ಅದರಿಂದ ಮಾಡಿದವನಿಗೆ ಇನ್ನೂ ಗಟ್ಟಿ ಬೀಗ ಹಾಕೋ ನೆವ ಸಿಗುತ್ತೆ ಅಷ್ಟೆ. ಅವನ ಬಸ್ಸು ಅವನೇ ಇಟ್ಟುಕೊಳ್ಳಲಿ, ಖಾಲಿ ಬಸ್ಸು ಎಷ್ಟು ದಿನ ಓಡಿಸ್ತಾನೆ?

ಆ ಗುಬ್ಬಿ ಹುಡುಗ ನನ್ನ ಮಾತು ಪೂರ್ತಿ ಒಪ್ಪಿಲ್ಲ. "ನೀವು ಹೇಳಿದಂಗೆ ಹತ್ತು ಜನನ್ನ ಹುಡುಕಿ ಕೊಡಿ, ಬೀಗ ತೆಗೀತೀನಿ" ಅಂದಿದ್ದಾನೆ. ಸರಿಯಾದ ಸವಾಲು. ಹುಡುಕ್ತಾ ಇದ್ದೀನಿ, ಇಲ್ಲಿವರೆಗೆ ನನ್ನನ್ನೂ ಸೇರಿಸಿ ನಾಲ್ಕು ಜನ ಆಗಿದ್ದೀವಿ. ಬೋರ್ಡು 'ತುಮಕೂರು - ಕುಣಿಗಲ್' ಅಂತ ಇರಬೇಕು, ಅಕ್ಷರ ಕನ್ನಡದಲ್ಲಿ ದಪ್ಪಕ್ಕೆ ಇರಬೇಕು ಅನ್ನೋದಷ್ಟೇ ನಮ್ಮ ಷರತ್ತು. ಇನ್ನು ಆರು ಸೀಟು ಖಾಲಿ ಇವೆ. ಯಾರು ಹತ್ತುತ್ತೀರಿ?